ಸ್ಟಾರ್ಟ್‌ಅಪ್‌ನ ಸಾಂಸ್ಥಿಕ ಆರೋಗ್ಯ ತಪಾಸಣೆ: ಕಡತ ಮೊದಲು, ಸಮೀಕ್ಷೆ ಕೊನೆಗೆ

ಸ್ಟಾರ್ಟ್‌ಅಪ್ ನಡೆಸುವವರಿಂದ ಪದೇ ಪದೇ ಕೇಳಿಬರುವ ದೂರು ಇದು: ಸಿಬ್ಬಂದಿಗೆಲ್ಲ ಒಂದು ಗೂಗಲ್ ಫಾರಂ ಕಳಿಸಿದೆವು, ಐದಕ್ಕೆ ನಾಲ್ಕರ ಮೇಲೆ ಸರಾಸರಿ ಬಂತು, ಎಲ್ಲ ಸರಿಯಿದೆ ಎಂದುಕೊಂಡೆವು, ಎರಡು ತಿಂಗಳೊಳಗೆ ಎಂಜಿನಿಯರಿಂಗ್ ಮುಖ್ಯಸ್ಥರೂ ಅವರ ಹಿಂದೆಯೇ ಇನ್ನಿಬ್ಬರೂ ರಾಜೀನಾಮೆ ಕೊಟ್ಟರು. ಇನ್ನು ಕೆಲವು ಕಡೆ ಹೊರಗಿನ ಸಲಹೆಗಾರರು ದಪ್ಪನೆಯ ವರದಿ ಕೊಟ್ಟು ಹೋಗಿರುತ್ತಾರೆ. ಅದನ್ನು ಓದಿದ ಮೇಲೆ ನಾಳೆ ಬೆಳಿಗ್ಗೆ ಮೊದಲು ಏನು ಮಾಡಬೇಕು ಎಂಬುದೇ ಗೊತ್ತಾಗುವುದಿಲ್ಲ.

ಬಹುತೇಕ ಕಡೆ ತಪ್ಪಿರುವುದು ಕ್ರಮ. ಸಮೀಕ್ಷೆಯಿಂದ ಶುರು ಮಾಡಿದರೆ ಜನ ಎಷ್ಟು ಹೇಳಲು ಧೈರ್ಯ ಮಾಡುತ್ತಾರೋ ಅಷ್ಟೇ ಕೈಗೆ ಸಿಗುತ್ತದೆ. ಬ್ಯಾಂಕ್ ಲೆಕ್ಕ, ಪಿಎಫ್ ಚಲನ್, ರಾಜೀನಾಮೆಗಳ ದಿನಾಂಕ, ಒಂದು ಕೆಲಸ ಎಲ್ಲೆಲ್ಲಿ ನಿಂತಿತು ಎಂಬ ವಿವರ, ಇವನ್ನೆಲ್ಲ ಮೊದಲು ಓದಬೇಕು. ಆಮೇಲೆ ಜನರ ಜೊತೆ ಕೂತು ಮಾತನಾಡಬೇಕು. ಸಮೀಕ್ಷೆ ಎಲ್ಲಕ್ಕಿಂತ ಕೊನೆಗೆ. ಆ ಹೊತ್ತಿಗೆ ಏನು ಕೇಳಬೇಕೆಂಬುದು ನಿಮಗೆ ಗೊತ್ತಿರುತ್ತದೆ, ಬಂದ ಉತ್ತರವನ್ನು ತಾಳೆ ನೋಡಲು ಬೇರೆ ಆಧಾರವೂ ಇರುತ್ತದೆ.

ಈ ಮಾರ್ಗದರ್ಶಿ ಭಾರತದಲ್ಲಿ ನೋಂದಣಿಯಾದ, ಸುಮಾರು 15ರಿಂದ 100 ಜನ ಕೆಲಸ ಮಾಡುವ ಖಾಸಗಿ ಕಂಪನಿಗಳಿಗೆ. ಇಲ್ಲಿ ಆರೋಗ್ಯ ಎಂದರೆ ಮೂರು ಸಂಗತಿ: ಕಂಪನಿ ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತಿದೆಯೇ, ನಿರ್ಧಾರಗಳು ಸಕಾಲಕ್ಕೆ ಆಗುತ್ತಿವೆಯೇ, ಕೆಟ್ಟ ಸುದ್ದಿ ಮೇಲಿನವರಿಗೆ ಬೇಗ ಮುಟ್ಟುತ್ತಿದೆಯೇ. ಮಾರಾಟ ದುಪ್ಪಟ್ಟಾಗುತ್ತಿರುವ ಕಂಪನಿಯಲ್ಲೂ ಈ ಮೂರೂ ಕೆಟ್ಟಿರಬಹುದು. ಆದ್ದರಿಂದ ಬೆಳವಣಿಗೆಯ ಅಂಕಿಗಳನ್ನು ಸದ್ಯಕ್ಕೆ ಬದಿಗಿಡಿ.

## ಶುರು ಮಾಡುವ ಮುನ್ನ ಹೊಂದಿಸಿಕೊಳ್ಳಬೇಕಾದವು

ಇಬ್ಬರು ವ್ಯಕ್ತಿಗಳು. ಒಬ್ಬರು ಒಳಗಿನವರು, ಎಲ್ಲರ ವಿಶ್ವಾಸ ಗಳಿಸಿದವರು. ಇನ್ನೊಬ್ಬರು ಹೊರಗಿನವರು, ಕಂಪನಿಯಲ್ಲಿ ಷೇರಾಗಲಿ ನೆಂಟಸ್ತಿಕೆಯಾಗಲಿ ಇಲ್ಲದವರು. ಸಂಸ್ಥಾಪಕರು ಸ್ವತಃ ತಪಾಸಣೆಗೆ ಇಳಿಯಬಾರದು, ಏಕೆಂದರೆ ತಪಾಸಣೆಗೆ ಒಳಗಾಗುವವರಲ್ಲಿ ಅವರೇ ಮೊದಲಿಗರು. ಹೂಡಿಕೆದಾರರ ಪ್ರತಿನಿಧಿಯೂ ಬೇಡ. ಅವರು ಕೂತ ಕೋಣೆಯಲ್ಲಿ ಎಲ್ಲರೂ ಕಂಪನಿಯ ಪರ ವಾದಿಸತೊಡಗುತ್ತಾರೆ.

ಕಡತಗಳು. ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಪಟ್ಟಿ, ಪಿಎಫ್ ಮತ್ತು ಟಿಡಿಎಸ್ (ಸಂಬಳ, ಬಿಲ್‌ಗಳಿಂದ ಮೊದಲೇ ಹಿಡಿದು ಕಟ್ಟುವ ಆದಾಯ ತೆರಿಗೆ) ಚಲನ್‌ಗಳು, ಜಿಎಸ್‌ಟಿ ರಿಟರ್ನ್‌ಗಳು, ಬಾಕಿ ಬಿಲ್‌ಗಳ ಪಟ್ಟಿ; ಸೇರಿದವರು ಮತ್ತು ಬಿಟ್ಟವರ ಹೆಸರು, ದಿನಾಂಕ, ಮ್ಯಾನೇಜರ್ ಯಾರು ಎಂಬ ವಿವರ; ಆಫರ್ ಲೆಟರ್‌ಗಳು; ಆಡಳಿತ ಮಂಡಳಿಯ ಸಭಾ ನಡಾವಳಿ; ಕಳೆದ ಮೂರು ತಿಂಗಳ ಕೆಲಸದ ಪಟ್ಟಿ, ಅದು ಜಿರಾದಂಥ ತಂತ್ರಾಂಶದಲ್ಲಿರಲಿ, ಎಕ್ಸೆಲ್‌ನಲ್ಲಿರಲಿ; ಗ್ರಾಹಕರ ದೂರುಗಳು.

ಸಂಸ್ಥಾಪಕರ ಒಂದು ಪತ್ರ. ಒಂದು ಪುಟ ಸಾಕು. ತಪಾಸಣೆ ಏಕೆ, ಯಾರು ಮಾಡುತ್ತಾರೆ, ಯಾರು ಏನು ಹೇಳಿದರು ಎಂಬುದು ಸಂಸ್ಥಾಪಕರಿಗೆ ತಲುಪುವುದಿಲ್ಲ, ಫಲಿತಾಂಶವನ್ನು ಇಂಥ ದಿನ ಎಲ್ಲರ ಮುಂದೆ ಇಡುತ್ತೇವೆ. ದಿನಾಂಕವನ್ನು ಕಡ್ಡಾಯವಾಗಿ ಬರೆಯಿರಿ.

ಮೂರು ವಾರ. ಇದಕ್ಕಿಂತ ಎಳೆದರೆ ವದಂತಿಗಳು ಹುಟ್ಟಿಕೊಳ್ಳುತ್ತವೆ.

ಯಾವಾಗ ಶುರು ಮಾಡಬಾರದು ಎಂಬುದನ್ನೂ ಹೇಳಬೇಕು. ಸಿಬ್ಬಂದಿ ಕಡಿತದ ನಿರ್ಧಾರ ಆಗಲೇ ಆಗಿದ್ದರೆ ತಪಾಸಣೆ ಬೇಡ. ಮನಸ್ಸು ಬಿಚ್ಚಿ ಮಾತನಾಡಿದವನಿಗೆ ಮರುವಾರ ಕೆಲಸ ಹೋದರೆ, ಮಾತನಾಡಿದ್ದಕ್ಕೇ ಹೋಯಿತು ಎಂದು ಉಳಿದವರೆಲ್ಲ ನಂಬುತ್ತಾರೆ. ಆಮೇಲೆ ವರ್ಷಗಟ್ಟಲೆ ಆ ಕಚೇರಿಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

## ಹಂತ 1: ಏಕೆ ನೋಡುತ್ತಿದ್ದೇವೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ

‘ನಮ್ಮ ಸಂಸ್ಕೃತಿ ಹೇಗಿದೆ ತಿಳಿಯಲು’ ಎಂದು ಬರೆದರೆ ಎಲ್ಲಿಯೂ ಮುಟ್ಟುವುದಿಲ್ಲ. ‘ಸೇಲ್ಸ್ ತಂಡಕ್ಕೆ ಸೇರಿದವರು ಆರು ತಿಂಗಳೂ ನಿಲ್ಲುತ್ತಿಲ್ಲ, ಏಕೆ?’ ಅಥವಾ ‘ಹೊಸ ಆವೃತ್ತಿಗಳು ಪ್ರತಿ ಬಾರಿ ತಡವಾಗುತ್ತಿವೆ, ಎಲ್ಲಿ ಸಿಕ್ಕಿಕೊಳ್ಳುತ್ತಿವೆ?’ ಎಂದು ಬರೆಯಿರಿ. ಹೂಡಿಕೆದಾರರಿಗೆ ತೋರಿಸುವ ಸ್ಲೈಡ್‌ಗೆ ಒಂದು ಅಂಕ ಬೇಕೆಂಬುದೇ ನಿಜವಾದ ಉದ್ದೇಶವಾಗಿದ್ದರೆ ಇಲ್ಲಿಗೇ ನಿಲ್ಲಿಸಿ. ಅದಕ್ಕಾಗಿ ಜನರ ಸಮಯವನ್ನೂ ನಂಬಿಕೆಯನ್ನೂ ಖರ್ಚು ಮಾಡುವುದು ಸರಿಯಲ್ಲ.

## ಹಂತ 2: ಹಣ ಮತ್ತು ಕಡತ

ಮೊದಲ ವಾರವನ್ನು ಪೂರ್ತಿ ಇದಕ್ಕೇ ಕೊಡಿ. ಎಚ್‌ಆರ್ ವಿಭಾಗದವರು ‘ಇದು ಅಕೌಂಟ್ಸ್‌ನವರ ಕೆಲಸ’ ಎಂದು ದಾಟಿ ಹೋಗುವುದು ಇಲ್ಲೇ. ಆದರೆ ಕಂಪನಿ ಮಾತು ತಪ್ಪಿದ ಮೊದಲ ಗುರುತು ಸಿಗುವುದೂ ಇಲ್ಲೇ.

ರನ್‌ವೇ ಲೆಕ್ಕ. ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಬರುತ್ತದೆ ಎಂಬ ಲೆಕ್ಕ ಇದು. ಬ್ಯಾಂಕಿನಲ್ಲಿ 3.60 ಕೋಟಿ ರೂಪಾಯಿ ಇದೆ, ತಿಂಗಳಿಗೆ 48 ಲಕ್ಷ ಹೋಗುತ್ತದೆ, 12 ಲಕ್ಷ ಬರುತ್ತದೆ ಎಂದುಕೊಳ್ಳಿ. ತಿಂಗಳ ಕೊರತೆ 36 ಲಕ್ಷ. ಭಾಗಿಸಿದರೆ ಹತ್ತು ತಿಂಗಳು. ಹೆಚ್ಚಿನ ಸಂಸ್ಥಾಪಕರ ತಲೆಯಲ್ಲಿ ಇರುವುದು ಈ ಹತ್ತು. ಈಗ ಕಳೆಯಬೇಕಾದುದನ್ನು ಕಳೆಯಿರಿ: ಕಟ್ಟಬೇಕಿರುವ ಟಿಡಿಎಸ್, ಪಿಎಫ್ 14 ಲಕ್ಷ, ಜಿಎಸ್‌ಟಿ 10 ಲಕ್ಷ, ಗಡುವು ದಾಟಿದ ಪೂರೈಕೆದಾರರ ಬಿಲ್ 18 ಲಕ್ಷ, ಸಿಬ್ಬಂದಿ ಆಗಲೇ ದುಡಿದಿರುವ, ಇನ್ನೂ ಕೊಡದಿರುವ ಇನ್ಸೆಂಟಿವ್ 30 ಲಕ್ಷ. ಒಟ್ಟು 72 ಲಕ್ಷ. ಉಳಿದದ್ದು 2.88 ಕೋಟಿ, ಅಂದರೆ ಎಂಟು ತಿಂಗಳು. ಹೊಸ ಹೂಡಿಕೆಯ ಮಾತುಕತೆ ಐದಾರು ತಿಂಗಳು ಹಿಡಿಯುವುದು ಸಾಮಾನ್ಯವಾದ್ದರಿಂದ ಈ ಎರಡು ತಿಂಗಳ ವ್ಯತ್ಯಾಸ ದೊಡ್ಡದು. ಗ್ರಾಹಕರು ಇಡೀ ವರ್ಷದ ಚಂದಾ ಮುಂಗಡವಾಗಿ ಕಟ್ಟಿದ್ದರೆ ಅದನ್ನೂ ಬೇರೆಯಾಗಿ ಗುರುತಿಸಿ. ಆ ಹಣ ಬಂದಿದೆ, ಅದಕ್ಕೆ ಮಾಡಿಕೊಡಬೇಕಾದ ಕೆಲಸ ಇನ್ನೂ ಬಾಕಿ ಇದೆ.

ಲೆಕ್ಕ ಮುಗಿದ ಮೇಲೆ ಪ್ರತಿಯೊಬ್ಬ ಸಂಸ್ಥಾಪಕರನ್ನೂ ಬೇರೆ ಬೇರೆಯಾಗಿ ಕೇಳಿ: ರನ್‌ವೇ ಎಷ್ಟು ತಿಂಗಳು? ಒಬ್ಬರು ಹದಿನಾಲ್ಕು, ಇನ್ನೊಬ್ಬರು ಎಂಟು ಎಂದರೆ ಒಂದು ಮುಖ್ಯ ಸಂಗತಿ ಸಿಕ್ಕಿತು.

ಕಟ್ಟಬೇಕಾದ ದಿನಾಂಕಗಳು. ಟಿಡಿಎಸ್ ಮುಂದಿನ ತಿಂಗಳ 7ರೊಳಗೆ (ಮಾರ್ಚ್ ತಿಂಗಳದ್ದು ಏಪ್ರಿಲ್ 30ರೊಳಗೆ), ಪಿಎಫ್ 15ರೊಳಗೆ, ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರಿಗೆ ಜಿಎಸ್‌ಟಿ 20ರೊಳಗೆ. ಹನ್ನೆರಡು ತಿಂಗಳಲ್ಲಿ ಯಾವ ಯಾವ ತಿಂಗಳು ತಪ್ಪಿತು ಎಂದು ಒಂದು ಸಾಲಿನಲ್ಲಿ ಬರೆಯಿರಿ. ಒಮ್ಮೆ ತಪ್ಪಿದ್ದರೆ ಕಾರಣ ಕೇಳಿ. ಸತತವಾಗಿ ತಡವಾಗುತ್ತಾ ಬಂದಿದ್ದರೆ ಕಂಪನಿ ಸರ್ಕಾರದ ಹಣದಲ್ಲಿ ಸಂಬಳ ಕೊಡುತ್ತಿದೆ ಎಂದರ್ಥ. ನೌಕರರ ಸಂಬಳದಿಂದ ಪಿಎಫ್ ಪಾಲು ಹಿಡಿದುಕೊಂಡು ಕಟ್ಟದಿರುವುದು ಅಪರಾಧ. ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆದು ನೋಡಿದ ನೌಕರರಿಗೆ ಅದು ನಿಮಗಿಂತ ಮೊದಲೇ ತಿಳಿದಿರುತ್ತದೆ.

ಲೆಕ್ಕಪತ್ರ ತಡವಾಗುವುದನ್ನು ಹಗುರವಾಗಿ ನೋಡಬೇಡಿ. 2023ರ ಜೂನ್‌ನಲ್ಲಿ ಬೆಂಗಳೂರಿನ ಆನ್‌ಲೈನ್ ಶಿಕ್ಷಣ ಕಂಪನಿ ಬೈಜೂಸ್‌ನ ಲೆಕ್ಕಪರಿಶೋಧನೆಯಿಂದ ಡೆಲಾಯ್ಟ್ ಸಂಸ್ಥೆ ಹಿಂದೆ ಸರಿದಾಗ ಕೊಟ್ಟ ಕಾರಣ, 2022ರ ಮಾರ್ಚ್‌ಗೆ ಮುಗಿದ ವರ್ಷದ ಲೆಕ್ಕಪತ್ರಗಳು ಬಹಳ ತಡವಾಗಿದ್ದುದು. ಅದೇ ಹೊತ್ತಿಗೆ ಹೂಡಿಕೆದಾರರ ಮೂವರು ಪ್ರತಿನಿಧಿಗಳೂ ಆಡಳಿತ ಮಂಡಳಿಯಿಂದ ಹೊರಬಂದರು. ಅಷ್ಟು ದೊಡ್ಡ ಕಂಪನಿಯಲ್ಲೂ ತೊಂದರೆ ಹೊರಗಿನವರ ಕಣ್ಣಿಗೆ ಬಿದ್ದ ಬಾಗಿಲುಗಳಲ್ಲಿ ಒಂದು ಈ ತಡವಾದ ಕಾಗದ. ನಿಮ್ಮಲ್ಲಿ ಪ್ರತಿ ತಿಂಗಳ ಲೆಕ್ಕ ಮರುತಿಂಗಳ 15ರೊಳಗೆ ಮುಗಿಯುತ್ತಿದೆಯೇ ನೋಡಿ.

ಸಿಬ್ಬಂದಿಗೆ ಕೊಟ್ಟ ಮಾತು. ಇದನ್ನು ಒಂದೊಂದೇ ಆಫರ್ ಲೆಟರ್ ತೆರೆದು ಪರೀಕ್ಷಿಸಿ. ಷೇರು ಆಯ್ಕೆ (ಕಂಪನಿಯ ಷೇರನ್ನು ಮುಂದೆ ಗೊತ್ತುಪಡಿಸಿದ ಬೆಲೆಗೆ ಕೊಳ್ಳುವ ಹಕ್ಕು) ಕೊಡುತ್ತೇವೆ ಎಂದು ಪತ್ರದಲ್ಲಿದೆ; ಯೋಜನೆಗೆ ಷೇರುದಾರರ ನಿರ್ಣಯ ಆಗಿದೆಯೇ? ಆ ವ್ಯಕ್ತಿಗೆ ಮಂಜೂರಾತಿ ಪತ್ರ ಹೋಗಿದೆಯೇ? ಕಂಪನಿ ಕಾನೂನಿನ ನಿಯಮದಂತೆ ಮಂಜೂರಾದ ದಿನದಿಂದ ಹಕ್ಕು ಕೈಸೇರುವವರೆಗೆ ಕನಿಷ್ಠ ಒಂದು ವರ್ಷದ ಅಂತರ ಇರಬೇಕು. ಮಂಜೂರಾತಿಯನ್ನೇ ಮಾಡದೆ ಎರಡು ವರ್ಷ ಕಳೆದಿದ್ದರೆ, ಆ ಉದ್ಯೋಗಿ ಎರಡು ವರ್ಷದ ಹಕ್ಕು ತನ್ನದಾಗಿದೆ ಎಂದುಕೊಂಡಿರುತ್ತಾನೆ, ಕಾಗದದಲ್ಲಿ ಗಡಿಯಾರ ಇನ್ನೂ ಓಡತೊಡಗಿರುವುದೇ ಇಲ್ಲ. ಬಿಟ್ಟುಹೋದವರ ಅಂತಿಮ ಲೆಕ್ಕವನ್ನೂ ನೋಡಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. ‘ನಲವತ್ತೈದು ದಿನ ಆಗುತ್ತದೆ’ ಎಂಬ ಹಳೆಯ ರೂಢಿ ಇನ್ನು ನಡೆಯದು.

ಆಂತರಿಕ ಸಮಿತಿ. ಹತ್ತು ಅಥವಾ ಹೆಚ್ಚು ಜನರಿರುವ ಪ್ರತಿ ಕಚೇರಿಯಲ್ಲೂ ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಡಿ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷರು ಹಿರಿಯ ಹುದ್ದೆಯ ಮಹಿಳೆ, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಒಬ್ಬರು ಹೊರಗಿನ ಸದಸ್ಯರು. ಸಮಿತಿ ಕಾಗದದಲ್ಲಿದ್ದರೆ ಸಾಲದು. ಕಚೇರಿಯಲ್ಲಿ ಎದುರಿಗೆ ಸಿಕ್ಕ ಮೂವರನ್ನು ‘ದೂರು ಯಾರಿಗೆ ಕೊಡಬೇಕು?’ ಎಂದು ಕೇಳಿ. ಮೂವರೂ ‘ಎಚ್‌ಆರ್‌ಗೆ ಇರಬೇಕು’ ಎಂದರೆ ಸಮಿತಿ ಇಲ್ಲವೆಂದೇ ಬರೆದುಕೊಳ್ಳಿ.

## ಹಂತ 3: ಬಂದವರು, ಹೋದವರು

ವರ್ಷದಲ್ಲಿ ಬಿಟ್ಟವರ ಸಂಖ್ಯೆಯನ್ನು ಸರಾಸರಿ ಸಿಬ್ಬಂದಿಯಿಂದ ಭಾಗಿಸಿದರೆ ಶೇಕಡಾವಾರು ಸಿಗುತ್ತದೆ. ಸರಾಸರಿ 40 ಜನರಿದ್ದು 10 ಜನ ಹೋದರೆ ಶೇ 25. ಚಿಕ್ಕ ಕಂಪನಿಯಲ್ಲಿ ಈ ಸಂಖ್ಯೆಯೊಂದರಿಂದ ಏನೂ ತಿಳಿಯದು. ಹೋದ ಹತ್ತು ಜನರಲ್ಲಿ ಏಳು ಜನ ಒಬ್ಬನೇ ಮ್ಯಾನೇಜರ್ ಕೈಕೆಳಗಿನವರೇ? ಸೇರಿ ಮೂರು ತಿಂಗಳೊಳಗೆ ಬಿಟ್ಟವರೆಷ್ಟು? ಹಾಗೆ ಬಿಟ್ಟವರು ಹೆಚ್ಚಿದ್ದರೆ ಸಂದರ್ಶನದಲ್ಲಿ ಹೇಳಿದ ಕೆಲಸಕ್ಕೂ ಬಂದ ಮೇಲೆ ಸಿಕ್ಕ ಕೆಲಸಕ್ಕೂ ತಾಳೆಯಾಗುತ್ತಿಲ್ಲ. ಹೋದಾಗ ‘ಅಯ್ಯೋ’ ಎನಿಸಿದವರು ಎಷ್ಟು ಮಂದಿ? ಪ್ರತಿ ಹೆಸರಿನ ಮುಂದೆ ಈ ಮೂರಕ್ಕೂ ಗುರುತು ಹಾಕಿ.

ರಜೆಯ ಪಟ್ಟಿಯನ್ನೂ ಜೊತೆಗಿಟ್ಟು ನೋಡಿ. ವರ್ಷವಿಡೀ ಒಂದೂ ದೀರ್ಘ ರಜೆ ತೆಗೆದುಕೊಳ್ಳದವರು ಯಾರಿದ್ದಾರೋ, ಅವರಿಲ್ಲದೆ ನಿಲ್ಲುವ ಕೆಲಸ ಯಾವುದು ಎಂಬುದೂ ಅಲ್ಲೇ ಇರುತ್ತದೆ. ಹೆರಿಗೆ ರಜೆಗೆ ಹೋದ ಮಹಿಳೆಯರಲ್ಲಿ ಎಷ್ಟು ಜನ ಹಿಂತಿರುಗಿದರು, ಹಿಂತಿರುಗಿದವರಿಗೆ ಹಳೆಯ ಜವಾಬ್ದಾರಿಯೇ ಸಿಕ್ಕಿತೇ ಎಂದು ತಪ್ಪದೆ ಪರಿಶೀಲಿಸಿ. ಇದನ್ನು ಕೇಳುವವರು ಕಡಿಮೆ, ಕೇಳಿದಲ್ಲಿ ಕಂಪನಿಯ ಗುಣ ಚೆನ್ನಾಗಿ ತಿಳಿಯುತ್ತದೆ.

ನೌಕರರು ಕಂಪನಿಗಳ ಬಗ್ಗೆ ಅಭಿಪ್ರಾಯ ಬರೆಯುವ ಆಂಬಿಷನ್‌ಬಾಕ್ಸ್, ಗ್ಲಾಸ್‌ಡೋರ್ ಜಾಲತಾಣಗಳಲ್ಲಿ ಹಳಬರು ಬರೆದುದನ್ನು ಓದಿ. ಒಂದೊಂದನ್ನೂ ನಂಬಬೇಕಿಲ್ಲ, ಮತ್ತೆ ಮತ್ತೆ ಬರುವ ಮಾತನ್ನು ಗುರುತಿಸಿ. ಒಂದೇ ವಾರದಲ್ಲಿ ಐದು ನಕ್ಷತ್ರದ ಹೊಗಳಿಕೆಗಳು ಸಾಲಾಗಿ ಬಿದ್ದಿದ್ದರೆ, ಅವನ್ನು ಬರೆಯಿಸಿದವರು ಯಾರು ಎಂದು ವಿಚಾರಿಸಿ.

## ಹಂತ 4: ಒಂದು ಕೆಲಸದ ಜಾಡು ಹಿಡಿಯಿರಿ

ಸಂಸ್ಥೆಯ ರಚನೆಯ ಚಿತ್ರಪಟ ನೋಡಿ ಏನೂ ಪ್ರಯೋಜನವಿಲ್ಲ. ಮುಗಿದುಹೋದ ಒಂದು ಸಣ್ಣ ಕೆಲಸವನ್ನು ಆರಿಸಿ, ಅದು ನಡೆದುಬಂದ ದಾರಿಯನ್ನು ಗಂಟೆಗಳ ಲೆಕ್ಕದಲ್ಲಿ ಬರೆಯಿರಿ.

ಆನ್‌ಲೈನ್‌ನಲ್ಲಿ ಅಡುಗೆ ಉಪಕರಣ ಮಾರುವ ಕಂಪನಿಯೊಂದನ್ನು ಊಹಿಸಿಕೊಳ್ಳಿ. ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಜಾರ್ ಒಡೆದ ಮಿಕ್ಸಿ ಬಂದಿದೆ ಎಂದು ಗ್ರಾಹಕಿಯೊಬ್ಬರು ಫೋಟೊ ಕಳಿಸಿದರು. ಸಹಾಯವಾಣಿಯ ಹುಡುಗಿ ಹತ್ತು ನಿಮಿಷದಲ್ಲಿ ದೂರು ದಾಖಲಿಸಿದಳು. ಐನೂರು ರೂಪಾಯಿಗಿಂತ ಹೆಚ್ಚಿನ ಹಣ ಹಿಂತಿರುಗಿಸುವ ಅಧಿಕಾರ ಅವಳಿಗಿಲ್ಲ. ಮೇಲ್ವಿಚಾರಕರಿಗೆ ಹೋಯಿತು. ಅವರು ಮಂಗಳವಾರ ಸಂಜೆ ಸಂಸ್ಥಾಪಕರಿಗೆ ವಾಟ್ಸ್‌ಆ್ಯಪ್ ಮಾಡಿದರು. ಸಂಸ್ಥಾಪಕರು ದೆಹಲಿಯಲ್ಲಿದ್ದರು. ಗುರುವಾರ ‘ಓಕೆ’ ಎಂಬ ಉತ್ತರ ಬಂತು. ಅಕೌಂಟ್ಸ್ ವಿಭಾಗ ಪಾವತಿ ಮಾಡುವುದು ಶುಕ್ರವಾರ ಮಧ್ಯಾಹ್ನದವರೆಗೆ ಮಾತ್ರ. ಈ ಕಡತ ಮೂರು ಗಂಟೆಗೆ ಬಂದುದರಿಂದ ಮುಂದಿನ ವಾರಕ್ಕೆ ಹೋಯಿತು. ಎಲ್ಲರೂ ಸೇರಿ ಮಾಡಿದ ಕೆಲಸ ಇಪ್ಪತ್ತು ನಿಮಿಷ, ಕಾದದ್ದು ಹತ್ತಿರ ಹತ್ತು ದಿನ. ಈ ದಾರಿಯಲ್ಲಿ ಯಾರೂ ಸೋಮಾರಿಗಳಿಲ್ಲ. ಅಧಿಕಾರದ ಮಿತಿಯನ್ನು ಹತ್ತು ಜನರಿದ್ದಾಗ ಗೊತ್ತು ಮಾಡಿದ್ದರು, ಅರವತ್ತು ಜನರಾದ ಮೇಲೂ ಬದಲಿಸಿಲ್ಲ, ಅಷ್ಟೇ.

ಇಂಥ ಐದು ಜಾಡುಗಳು ಸಾಕು: ಗ್ರಾಹಕರ ದೂರು, ಸಾಫ್ಟ್‌ವೇರ್ ದೋಷದ ದುರಸ್ತಿ, ಹೊಸ ನೇಮಕ, ಖರೀದಿ, ಬೆಲೆ ಬದಲಾವಣೆ. ಎಲ್ಲ ಐದೂ ಒಬ್ಬರೇ ವ್ಯಕ್ತಿಯ ಮೊಬೈಲ್‌ನಲ್ಲಿ ಹೋಗಿ ನಿಲ್ಲುತ್ತಿದ್ದರೆ ನಿಮ್ಮ ತಪಾಸಣೆಯ ಅರ್ಧ ಉತ್ತರ ಸಿಕ್ಕಂತೆ.

ಸಾಮಾನ್ಯ ತಪ್ಪು: ಯಶಸ್ವಿಯಾದ, ಎಲ್ಲರೂ ಹೆಮ್ಮೆಪಡುವ ಯೋಜನೆಯನ್ನೇ ಆರಿಸುವುದು. ಯಾರ ಗಮನವೂ ಇಲ್ಲದ ಮಾಮೂಲಿ ಕೆಲಸವನ್ನು ಆರಿಸಿ.

## ಹಂತ 5: ಜನರ ಜೊತೆ ಮಾತು

ತಪಾಸಣೆಯಲ್ಲಿ ಅತಿ ಹೆಚ್ಚು ಸೋಲು ಕಾಣುವ ಹಂತ ಇದು. ಇದಕ್ಕೆ ಒಂದು ವಾರ ಬೇಕು.

ಯಾರನ್ನು ಆರಿಸಬೇಕು. ಮೂವತ್ತು ಜನರಿದ್ದರೆ ಹನ್ನೆರಡು ಮಂದಿ, ನೂರು ಜನರಿದ್ದರೆ ಇಪ್ಪತ್ತು ಇಪ್ಪತ್ತೈದು. ಎಲ್ಲ ವಿಭಾಗದವರು ಇರಲಿ. ಇತ್ತೀಚೆಗೆ ಸೇರಿದವರು, ಮೊದಲ ದಿನದಿಂದ ಇರುವವರು, ಈಚೆಗೆ ಬಿಟ್ಟುಹೋದ ಇಬ್ಬರು ಮೂವರು ಸೇರಿರಬೇಕು. ಹೆಸರುಗಳನ್ನು ಮ್ಯಾನೇಜರ್‌ಗಳಿಂದ ಕೇಳಿ ಪಡೆಯಬೇಡಿ. ಸಂಬಳದ ಪಟ್ಟಿಯಿಂದ ನೀವೇ ಆರಿಸಿ.

ತಪಾಸಣೆಯಿಂದ ಹೊರಗುಳಿಯುವ ಜನ. ಬೆಂಗಳೂರಿನ ಸ್ಟಾರ್ಟ್‌ಅಪ್‌ಗಳ ತಪಾಸಣೆಯಲ್ಲಿ ಪ್ರತಿ ಬಾರಿ ಹೊರಗುಳಿಯುವವರೆಂದರೆ ಗೋದಾಮಿನವರು, ಡೆಲಿವರಿಯವರು, ಚಾಲಕರು, ಸಹಾಯವಾಣಿಯ ರಾತ್ರಿ ಪಾಳಿಯವರು. ಪ್ರಶ್ನೆಗಳು ಇಂಗ್ಲಿಷಿನಲ್ಲಿ, ಸಭೆ ಕೋರಮಂಗಲದ ಕಚೇರಿಯಲ್ಲಿ, ಗೋದಾಮು ನೆಲಮಂಗಲದಲ್ಲಿ. ಹೀಗಿರುವಾಗ ಅವರ ಮಾತು ಯಾರಿಗೆ ಕೇಳಿಸಬೇಕು? ನೀವೇ ಅಲ್ಲಿಗೆ ಹೋಗಿ, ಪಾಳಿ ಬದಲಾಗುವ ಹೊತ್ತಿಗೆ, ಸಂಬಳದ ಸಮಯದೊಳಗೇ. ಕನ್ನಡದವರ ಜೊತೆ ಕನ್ನಡದಲ್ಲಿ, ಹಿಂದಿಯವರ ಜೊತೆ ಹಿಂದಿಯಲ್ಲಿ ಮಾತನಾಡಿ. ಬಾರದ ಭಾಷೆಗೆ ಮೇಲ್ವಿಚಾರಕರನ್ನು ದುಭಾಷಿಯಾಗಿ ಕರೆಯಬೇಡಿ, ಜೊತೆ ಕೆಲಸಗಾರರನ್ನು ಕರೆಯಿರಿ. ‘ನಮ್ಮ ಮೌಲ್ಯಗಳ ಬಗ್ಗೆ ಏನನ್ನಿಸುತ್ತದೆ’ ಎಂದರೆ ‘ಚೆನ್ನಾಗಿದೆ ಸರ್’ ಎಂಬ ಉತ್ತರವಷ್ಟೇ ಬರುತ್ತದೆ. ‘ಕಳೆದ ಮಳೆಗಾಲದಲ್ಲಿ ಗಾಡಿ ಕೆಟ್ಟಾಗ ಯಾರಿಗೆ ಫೋನ್ ಮಾಡಿದಿರಿ? ಅವರು ಏನಂದರು? ಆ ದಿನದ ದುಡ್ಡು ಬಂತೇ?’ ಎಂದು ಕೇಳಿ ನೋಡಿ. ಕಂಪನಿ ತನ್ನ ಕಷ್ಟದ ದಿನದಲ್ಲಿ ಯಾರ ಮೇಲೆ ಹೊರೆ ಇಳಿಸುತ್ತದೆ ಎಂಬುದು ಆ ಉತ್ತರದಲ್ಲಿರುತ್ತದೆ. ಈ ಭಾಗವನ್ನು ಬಿಟ್ಟು ಮಾಡಿದ ತಪಾಸಣೆಯನ್ನು ನಾನು ತಪಾಸಣೆ ಎಂದು ಒಪ್ಪುವುದಿಲ್ಲ.

ಹೇಗೆ ಕೇಳಬೇಕು. ಒಬ್ಬರಿಗೆ ನಲವತ್ತು ನಿಮಿಷ. ಗಾಜಿನ ಕೋಣೆ ಬೇಡ, ಹೊರಗಿನ ದರ್ಶಿನಿಯಾದರೂ ಆದೀತು. ಧ್ವನಿಮುದ್ರಣ ಬೇಡ, ಕೈಬರಹದ ಟಿಪ್ಪಣಿ ಸಾಕು, ಹೆಸರಿನ ಬದಲು ಸಂಖ್ಯೆ ಹಾಕಿ. ಅಭಿಪ್ರಾಯ ಕೇಳಬೇಡಿ, ನಡೆದುದನ್ನು ಕೇಳಿ:

1. ಕಳೆದ ತಿಂಗಳು ನಿಮ್ಮ ಕೆಲಸ ನಿಂತುಹೋದದ್ದು ಯಾವಾಗ? ಯಾರಿಗಾಗಿ ಕಾದಿರಿ?
2. ಈಚೆಗೆ ಒಂದು ಕೆಟ್ಟ ಸುದ್ದಿಯನ್ನು ಮೇಲಿನವರಿಗೆ ಹೇಳಿದ್ದು ಯಾವಾಗ? ಹೇಳಿದ ಮೇಲೆ ಏನಾಯಿತು?
3. ಸಭೆಯಲ್ಲಿ ಒಪ್ಪಿ, ಹೊರಗೆ ಬಂದ ಮೇಲೆ ಯಾರೂ ಮಾಡದ ನಿರ್ಧಾರ ಯಾವುದಾದರೂ ಇದೆಯೇ?
4. ನೀವು ಸೇರುವಾಗ ಹೇಳಿದ್ದಕ್ಕೂ ಈಗ ಇರುವುದಕ್ಕೂ ವ್ಯತ್ಯಾಸವೇನು?
5. ಈ ಮೂರು ತಿಂಗಳಲ್ಲಿ ಕಂಪನಿಯ ಮೊದಲ ಗುರಿ ಯಾವುದು?

ಐದನೆಯದಕ್ಕೆ ಬಂದ ಉತ್ತರಗಳನ್ನು ಒಂದೇ ಹಾಳೆಯಲ್ಲಿ ಸಾಲಾಗಿ ಬರೆಯಿರಿ. ಹನ್ನೆರಡು ಜನರಿಂದ ಏಳು ಬೇರೆ ಬೇರೆ ಗುರಿಗಳು ಬಂದರೆ ಆ ಹಾಳೆಯೇ ಸಾಕ್ಷಿ, ಬೇರೆ ವಿಶ್ಲೇಷಣೆ ಬೇಕಿಲ್ಲ.

ಸಂಸ್ಥಾಪಕರ ಜೊತೆ. ಇವರನ್ನು ಕೊನೆಯಲ್ಲಿ, ಬೇರೆ ಬೇರೆಯಾಗಿ ಕಾಣಿರಿ. ಯಾವ ನಿರ್ಧಾರ ಯಾರದ್ದು, ಮುಂದಿನ ವರ್ಷ ಕಂಪನಿ ಎಲ್ಲಿರಬೇಕು, ಕಂಪನಿಯನ್ನು ಮಾರುವ ಪ್ರಸ್ತಾಪ ಬಂದರೆ ಏನು ಮಾಡುತ್ತೀರಿ, ಇನ್ನೊಬ್ಬ ಸಂಸ್ಥಾಪಕರಿಗೆ ಹೇಳದೆ ಉಳಿಸಿಕೊಂಡ ಅಸಮಾಧಾನವಿದೆಯೇ, ಈ ನಾಲ್ಕನ್ನು ಕೇಳಿ. ಸಂಸ್ಥಾಪಕರ ನಡುವಿನ ಬಿರುಕು ಸಿಬ್ಬಂದಿಗೆ ಗೊತ್ತೇ ಇಲ್ಲ ಎಂದು ಅವರಿಬ್ಬರೂ ನಂಬಿರುತ್ತಾರೆ. ಇಂಥವರ ಹತ್ತಿರ ಹೋದರೆ ‘ಹೂಂ’, ಅಂಥವರ ಹತ್ತಿರ ಹೋದರೆ ‘ಊಹೂಂ’ ಎಂಬುದನ್ನು ಜನ ಬೇಗ ಕಲಿತಿರುತ್ತಾರೆ.

ಎಚ್ಚರ. ಮಾತಿನ ನಡುವೆ ಲೈಂಗಿಕ ಕಿರುಕುಳದ ವಿಷಯ ಬಂದರೆ ನೀವು ವಿಚಾರಣೆಗೆ ಇಳಿಯಬೇಡಿ, ‘ಯಾರಿಗೂ ಹೇಳುವುದಿಲ್ಲ, ಬಿಡಿ’ ಎಂದು ಮುಚ್ಚಿಡಲೂ ಬೇಡಿ. ಆಂತರಿಕ ಸಮಿತಿಗೆ ಲಿಖಿತ ದೂರು ಕೊಡುವ ದಾರಿಯನ್ನು ವಿವರಿಸಿ, ಬರೆಯಲು ನೆರವು ಬೇಕಾದರೆ ಸಮಿತಿಯೇ ಒದಗಿಸಬೇಕೆಂದು ತಿಳಿಸಿ. ಘಟನೆ ನಡೆದು ಮೂರು ತಿಂಗಳೊಳಗೆ ದೂರು ಕೊಡಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ನಿಮ್ಮ ವರದಿ ಮುಗಿಯಲಿ ಎಂದು ಕಾಯುತ್ತಾ ಆ ಗಡುವು ದಾಟಿಸಬೇಡಿ.

## ಹಂತ 6: ಈಗ ಸಮೀಕ್ಷೆ

ಹದಿನೈದಕ್ಕಿಂತ ಕಡಿಮೆ ಜನರಿದ್ದರೆ ಈ ಹಂತ ಬಿಟ್ಟುಬಿಡಿ. ಅಷ್ಟು ಸಣ್ಣ ಗುಂಪಿನಲ್ಲಿ ಯಾರು ಬರೆದರು ಎಂಬುದು ಗುಟ್ಟಾಗಿ ಉಳಿಯದು.

ಪ್ರಶ್ನೆಗಳು ಹತ್ತನ್ನು ಮೀರಬಾರದು. ‘ನನ್ನ ತಪ್ಪನ್ನು ನಾನೇ ಹೇಳಿಕೊಂಡರೆ ನನಗೆ ತೊಂದರೆಯಾಗುವುದಿಲ್ಲ’, ‘ನನ್ನ ಕೆಲಸದಲ್ಲಿ ಯಾವುದನ್ನು ನಾನೇ ನಿರ್ಧರಿಸಬಹುದು ಎಂಬುದು ನನಗೆ ಸ್ಪಷ್ಟವಿದೆ’, ‘ಕಳೆದ ತಿಂಗಳು ನನ್ನ ಕೆಲಸದ ಬಗ್ಗೆ ಉಪಯುಕ್ತವಾದ ಮಾತು ಯಾರಾದರೂ ಹೇಳಿದರು’, ‘ಕಂಪನಿ ಹೇಳಿದ್ದನ್ನು ಮಾಡುತ್ತದೆ’: ಇಂಥ ಸರಳ ವಾಕ್ಯಗಳಿಗೆ ಒಂದರಿಂದ ಐದರವರೆಗೆ ಉತ್ತರ. ಒಂದೇ ವಾಕ್ಯದಲ್ಲಿ ಎರಡು ಸಂಗತಿ ಸೇರಿಸಬೇಡಿ. ‘ನನ್ನ ಮ್ಯಾನೇಜರ್ ನ್ಯಾಯವಾಗಿ, ವೇಗವಾಗಿ ನಿರ್ಧರಿಸುತ್ತಾರೆ’ ಎಂದರೆ ವೇಗವಿದ್ದು ನ್ಯಾಯವಿಲ್ಲದವರ ಕೆಳಗಿರುವವನು ಏನು ಬರೆಯಬೇಕು? ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕೊಡಿ, ಅಗತ್ಯವಿದ್ದರೆ ಹಿಂದಿಯಲ್ಲೂ.

ಅನಾಮಧೇಯತೆಯಲ್ಲಿ ಮೂರು ಕಡೆ ಎಡವುತ್ತಾರೆ. ಫಾರಂನಲ್ಲಿ ಇ-ಮೇಲ್ ಸಂಗ್ರಹ ಆಯ್ಕೆ ಚಾಲೂ ಇರುತ್ತದೆ. ಅದನ್ನು ನಿಲ್ಲಿಸಿ, ಹೊರಗಿನ ಖಾತೆಯೊಂದರಿಂದ ಪರೀಕ್ಷಿಸಿ. ವಿಭಾಗ, ಲಿಂಗ, ಸೇರಿದ ವರ್ಷ ಮೂರನ್ನೂ ಕೇಳಿದರೆ ಹೆಸರು ಬರೆಯಿಸಿಕೊಂಡಂತೆಯೇ. ವಿಭಾಗವೊಂದನ್ನೇ ಕೇಳಿ, ಐದಕ್ಕಿಂತ ಕಡಿಮೆ ಉತ್ತರ ಬಂದ ವಿಭಾಗವನ್ನು ಬೇರೆಯಾಗಿ ತೋರಿಸಬೇಡಿ. ಬರೆದು ತಿಳಿಸಿದ ಮಾತುಗಳನ್ನು ಹಾಗೆಯೇ ಸಂಸ್ಥಾಪಕರ ಕೈಗೆ ಕೊಡಬೇಡಿ, ಬರವಣಿಗೆಯ ಧಾಟಿಯಿಂದಲೇ ವ್ಯಕ್ತಿ ಗುರುತಾಗುತ್ತಾರೆ.

ಓದುವಾಗ ಸರಾಸರಿಗೆ ಮರುಳಾಗಬೇಡಿ. ಎಲ್ಲರೂ ಮೂರು ಕೊಟ್ಟರೂ ಸರಾಸರಿ ಮೂರು, ಅರ್ಧ ಜನ ಒಂದು, ಅರ್ಧ ಜನ ಐದು ಕೊಟ್ಟರೂ ಮೂರು. ಎರಡನೆಯದು ಎರಡು ಕಂಪನಿಗಳು ಒಂದೇ ಸೂರಿನಡಿ ಇವೆ ಎಂಬ ಸೂಚನೆ. ಉತ್ತರಿಸದವರ ಸಂಖ್ಯೆಯೂ ಒಂದು ಉತ್ತರವೇ: ಒಂದು ವಿಭಾಗದಲ್ಲಿ ಮಾತ್ರ ಕಡಿಮೆ ಬಂದಿದ್ದರೆ ಅಲ್ಲಿಗೆ ಮತ್ತೆ ಹೋಗಿ ಮಾತನಾಡಿ.

ತಪ್ಪುಗಳ ವರದಿ ಹೆಚ್ಚಿರುವ ತಂಡವನ್ನು ಅವಸರದಲ್ಲಿ ಕೆಟ್ಟ ತಂಡವೆನ್ನಬೇಡಿ. ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳ ಬಗ್ಗೆ ಹಾರ್ವರ್ಡ್‌ನ ಎಮಿ ಎಡ್ಮಂಡ್ಸನ್ ನಡೆಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉತ್ತಮ ನಾಯಕತ್ವವಿದ್ದ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿ ಜನ ಹೆದರದೆ ಹೇಳಿಕೊಳ್ಳುತ್ತಿದ್ದುದು ಅದಕ್ಕೆ ಕಾರಣವೆಂದು ಕಂಡುಬಂತು. ಒಂದೂ ದೋಷ ವರದಿಯಾಗದ ತಂಡವಿದ್ದರೆ ಅಲ್ಲೇ ಹೆಚ್ಚು ಹೊತ್ತು ಕೂರಿ.

## ಹಂತ 7: ತಾಳೆ ನೋಡುವುದು

ಒಂದು ದೊಡ್ಡ ಹಾಳೆಯಲ್ಲಿ ನಾಲ್ಕು ಅಂಕಣ ಮಾಡಿ: ಕಡತ ಏನು ಹೇಳುತ್ತದೆ, ಕೆಲಸದ ಜಾಡು ಏನು ಹೇಳುತ್ತದೆ, ಜನ ಏನು ಹೇಳಿದರು, ಸಮೀಕ್ಷೆ ಏನು ಹೇಳಿತು. ಮೂರು ಅಂಕಣಗಳಲ್ಲಿ ಒಂದೇ ಸಂಗತಿ ಕಂಡರೆ ಅದು ದೃಢ. ಒಂದರಲ್ಲಿ ಮಾತ್ರ ಕಂಡರೆ ಇನ್ನಷ್ಟು ವಿಚಾರಿಸಿ. ಅಂಕಣಗಳು ಒಂದಕ್ಕೊಂದು ವಿರುದ್ಧವಾಗಿದ್ದರೆ ಅಲ್ಲಿ ನಿಲ್ಲಿ: ಸಮೀಕ್ಷೆಯಲ್ಲಿ ಮ್ಯಾನೇಜರ್‌ಗೆ ಐದಕ್ಕೆ ಐದು, ಅವರ ತಂಡದಿಂದಲೇ ಹೋದವರು ಏಳು ಮಂದಿ ಎಂದರೆ ಆ ಐದು ಭಯದ ಅಂಕ ಇರಬಹುದು.

ಇಡೀ ಕಂಪನಿಗೆ ನೂರಕ್ಕೆ ಇಷ್ಟು ಎಂದು ಒಂದೇ ಅಂಕ ಕೊಡುವ ಆಸೆಯನ್ನು ಬಿಡಿ. ಆ ಅಂಕ ಬಂದ ಕೂಡಲೇ ಎಲ್ಲರೂ ಅದನ್ನು ಏರಿಸಲು ದುಡಿಯುತ್ತಾರೆ, ಕಾರಣ ಹಾಗೆಯೇ ಉಳಿಯುತ್ತದೆ.

ವರದಿ ಮುಗಿಯುವವರೆಗೂ ಕಾಯದೆ ಅದೇ ದಿನ ಹೇಳಬೇಕಾದ ಸಂಗತಿಗಳಿವೆ: ಸಂಬಳದಿಂದ ಹಿಡಿದ ಹಣ ಕಟ್ಟಿಲ್ಲದಿರುವುದು, ಆಡಳಿತ ಮಂಡಳಿಗೂ ಸಿಬ್ಬಂದಿಗೂ ಬೇರೆ ಬೇರೆ ಅಂಕಿ ಹೇಳಿರುವುದು, ಬ್ಯಾಂಕ್ ಪಾಸ್‌ವರ್ಡ್ ಒಬ್ಬರ ಕೈಯಲ್ಲೇ ಇರುವುದು, ದೂರು ಕೊಟ್ಟವರಿಗೆ ಕಿರುಕುಳ ಶುರುವಾಗಿರುವುದು.

## ಹಂತ 8: ಎಲ್ಲರ ಮುಂದೆ ಇಡುವುದು, ಮೂರು ಕೆಲಸ ಹಿಡಿಯುವುದು

ಸಂಸ್ಥಾಪಕರಿಗೆ ಒಂದು ದಿನ ಮುಂಚೆ ತೋರಿಸಿ, ಓದಿ ಅರಗಿಸಿಕೊಳ್ಳಲು ಬಿಡಿ. ತಿದ್ದುವ ಹಕ್ಕು ಕೊಡಬೇಡಿ. ಪತ್ರದಲ್ಲಿ ಬರೆದ ದಿನಾಂಕದಂದೇ ಸಿಬ್ಬಂದಿಯ ಮುಂದೆ ಇಡಿ. ದಿನಾಂಕ ಮುಂದೂಡಿದರೆ ‘ಏನೋ ಮುಚ್ಚಿಡುತ್ತಿದ್ದಾರೆ’ ಎಂಬ ಮಾತು ಸಂಜೆಯೊಳಗೆ ಹಬ್ಬುತ್ತದೆ.

ಕಂಡ ಹದಿನೈದು ತೊಂದರೆಗಳಲ್ಲಿ ಮೂರನ್ನೇ ಆರಿಸಿ. ಪ್ರತಿಯೊಂದಕ್ಕೂ ಒಬ್ಬರ ಹೆಸರು, ಒಂದು ದಿನಾಂಕ. ಮೊದಲನೆಯದು ಎರಡು ವಾರದಲ್ಲಿ ಮುಗಿಯುವಂತಿರಲಿ. ಮಿಕ್ಸಿ ಕಂಪನಿಯ ಉದಾಹರಣೆಯಲ್ಲಾದರೆ, ಸಹಾಯವಾಣಿಯವರ ಮಿತಿಯನ್ನು ಐದು ಸಾವಿರಕ್ಕೆ ಏರಿಸುವುದು. ಇನ್ನುಳಿದ ಹನ್ನೆರಡನ್ನು ಏಕೆ ಈಗ ಹಿಡಿಯುತ್ತಿಲ್ಲ ಎಂಬುದನ್ನೂ ಸಭೆಯಲ್ಲಿ ಹೇಳಿ. ಕೇಳಿದ ಮಾತು ಕಸದ ಬುಟ್ಟಿಗೆ ಹೋಗಿಲ್ಲ ಎಂದು ತಿಳಿದರೆ ಜನ ಕಾಯುತ್ತಾರೆ.

## ಮತ್ತೆ ಯಾವಾಗ?

ಆರು ತಿಂಗಳಿಗೊಮ್ಮೆ ಎರಡನೆಯ ಮತ್ತು ಮೂರನೆಯ ಹಂತಗಳು, ವರ್ಷಕ್ಕೊಮ್ಮೆ ಪೂರ್ತಿ ತಪಾಸಣೆ. ಇದರ ಹೊರತು ಹೊಸ ಹೂಡಿಕೆ ಬಂದಾಗ, ಸಂಸ್ಥಾಪಕರೊಬ್ಬರು ಹೊರನಡೆದಾಗ, ಮತ್ತು ಸಿಬ್ಬಂದಿ ಸಂಖ್ಯೆ ಕೆಲವು ಗೆರೆಗಳನ್ನು ದಾಟಿದಾಗ ನೋಡಬೇಕು. ಹತ್ತನೆಯ ವ್ಯಕ್ತಿ ಸೇರಿದಾಗ ಆಂತರಿಕ ಸಮಿತಿ, ಇಪ್ಪತ್ತನೆಯವರು ಸೇರಿದಾಗ ಪಿಎಫ್, ಐವತ್ತನೆಯವರು ಸೇರಿದಾಗ ಶಿಶುಪಾಲನಾ ಕೇಂದ್ರದ ಹೊಣೆ ಕಾನೂನಿನಿಂದಲೇ ಬರುತ್ತದೆ. ಸಾಮಾನ್ಯವಾಗಿ ಅದೇ ಗೆರೆಗಳ ಆಸುಪಾಸಿನಲ್ಲಿ ಹಳೆಯ ಕೆಲಸದ ಪದ್ಧತಿಗಳೂ ಕುಸಿಯತೊಡಗುತ್ತವೆ.

ಎರಡನೆಯ ಸುತ್ತಿನಲ್ಲಿ ಪ್ರಶ್ನೆಗಳ ಪದಗಳನ್ನು ಬದಲಿಸಬೇಡಿ, ಹೋಲಿಕೆ ಸಾಧ್ಯವಾಗದು. ಕೈಬರಹದ ಟಿಪ್ಪಣಿಗಳನ್ನು ವರದಿ ಒಪ್ಪಿಸಿದ ದಿನವೇ ಹರಿದು ನಾಶಮಾಡಿ, ಹಾಗೆ ಮಾಡಿದಿರೆಂದು ಮಾತನಾಡಿದವರಿಗೆ ತಿಳಿಸಿ. ಹೊಸ ಸುತ್ತನ್ನು ಹಿಂದಿನ ಮೂರು ಕೆಲಸಗಳ ಪಟ್ಟಿಯಿಂದ ಆರಂಭಿಸಿ. ಅವುಗಳಲ್ಲಿ ಎರಡಾದರೂ ಮುಗಿದಿರದಿದ್ದರೆ ಮೊದಲು ಅವನ್ನು ಮುಗಿಸಿ, ಆಮೇಲೆ ಜನರ ಮುಂದೆ ಹೊಸ ಪ್ರಶ್ನೆ ಇಡಿ.